ಗುಲಾಬಿ ಚೀಟಿ, ಹಳದಿ ಚೀಟಿ

ಮೂವತ್ತೊಂದು ವರ್ಷ ನಾನು ಆಸ್ಪತ್ರೆಯಲ್ಲಿ ಕಾಯಿಲೆಯವರ ಪಕ್ಕ ಕೂತು ಬಂದವಳು. ಗುರುತಿಲ್ಲದವರು, ನನ್ನ ಭಾಷೆ ತಿಳಿಯದವರು, ನನ್ನನ್ನು ಕಂಡರೆ ಆಗದವರು, ಎಲ್ಲರ ಪಕ್ಕವೂ ಕೂತಿದ್ದೇನೆ. ನನ್ನ ಸ್ವಂತ ತಮ್ಮ ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಹತ್ತು ದಿನ ಮಲಗಿದ್ದ. ನಾನು ಹತ್ತಿ ಹೋಗಲಿಲ್ಲ. ಲಿಫ್ಟ್ ಇತ್ತು. ಮೊಣಕಾಲು ನೋವು ಎಂದು ಹೇಳಿ ತಪ್ಪಿಸಿಕೊಳ್ಳುವಂತೆಯೂ ಇಲ್ಲ.

ಪಾಸ್ಟರ್ ಅಯ್ಯನವರು ನನ್ನಿಂದ ಕೇಳಿದ್ದು ಇದನ್ನಲ್ಲ. "ಸುಗುಣಮ್ಮ, ಆಸ್ಪತ್ರೆ ಸೇವೆಗೆ ಹೊಸಬರು ಸೇರಿದ್ದಾರೆ. ನಿಮ್ಮ ಅನುಭವ ನಾಲ್ಕು ಪುಟ ಬರೆದುಕೊಡಿ, ಅವರಿಗೆ ಉತ್ತೇಜನ ಆಗ್ತದೆ" ಎಂದರು. ಉತ್ತೇಜನ! ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಪೆನ್ನು ಕೊಟ್ಟು ಉತ್ತೇಜನ ಬರೆ ಎಂದರೆ ಏನು ಬರೆಯುವುದು? ಎರಡು ಸಲ ಬರೆದು ಹರಿದೆ. ಎರಡು ಸಲವೂ ನಾನು ಬಹಳ ಒಳ್ಳೆಯವಳಾಗಿ ಕಾಣುತ್ತಿದ್ದೆ. ಈ ಸಲ ನಡೆದದ್ದನ್ನೇ ಬರೆಯುತ್ತಿದ್ದೇನೆ. ಓದಿ ಉತ್ತೇಜನ ಆಗದಿದ್ದರೆ ಅಯ್ಯನವರನ್ನು ಕೇಳಿಕೊಳ್ಳಿ.

ಮೊದಲು ಕೆಲಸದ ಮಾತು. ಮದ್ರಾಸಿನ ಕೀಲ್ಪಾಕ್ ಕಡೆಯ ಒಂದು ಆಸ್ಪತ್ರೆ, ಹೆಸರು ಬೇಡ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಒಳಗೆ ಹೋಗಲು ನಮಗೆ ಅನುಮತಿ ಇತ್ತು. ಮನೆಯವರು ಹೆಸರು ಕೊಟ್ಟ ಹಾಸಿಗೆಗೆ, ಇಲ್ಲವೇ ಕಾಯಿಲೆಯವರೇ ಕೈ ಮಾಡಿ ಕರೆದ ಹಾಸಿಗೆಗೆ ಮಾತ್ರ ಹೋಗಬೇಕು. ತಮಿಳಿನವರು ನಮ್ಮನ್ನು 'ಜೆಬಮ್ಮಾ' ಎಂದು ಕರೆಯುತ್ತಿದ್ದರು. ಅಂದರೆ ಪ್ರಾರ್ಥನೆಯ ಅಮ್ಮ.

ಹೊಸಬರಿಗೆ ಇಷ್ಟು ಹೇಳುತ್ತೇನೆ. ಹಾಸಿಗೆಯ ಮೇಲೆ ಕೂರಬೇಡಿ. ಕಾಲ ಬುಡದಲ್ಲಿ ನಿಲ್ಲಬೇಡಿ, ಮಲಗಿದವರಿಗೆ ಅದು ಹೆಣ ನೋಡಲು ಬಂದವರ ಹಾಗೆ ಕಾಣುತ್ತದೆ. ಸ್ಟೂಲ್ ಎಳೆಯುವಾಗ ಸದ್ದು ಮಾಡಬೇಡಿ, ಎತ್ತಿ ಇಡಿ. 'ಹೇಗಾಯ್ತು' ಎಂದು ಕೇಳಬೇಡಿ. ಬೆಳಗಿನಿಂದ ಅದನ್ನೇ ಹೇಳಿ ಹೇಳಿ ಅವರ ಬಾಯಿ ಒಣಗಿರುತ್ತದೆ. ಈಗ ನೀವು ಮೊಬೈಲ್‌ನಲ್ಲಿ ಬೈಬಲ್ ವಚನ ಕಳಿಸುತ್ತೀರಿ, ಕಳಿಸಿ. ಆದರೆ ಪಕ್ಕ ಕೂತು ಮೊಬೈಲ್ ನೋಡಬೇಡಿ. ಮೊನ್ನೆ ಒಬ್ಬಳನ್ನು ನೋಡಿದೆ. ಅಜ್ಜಿಯ ಕೈ ಹಿಡಿದಿದ್ದಾಳೆ, ಕಣ್ಣು ಮೊಬೈಲ್‌ನಲ್ಲಿ. ಆ ಅಜ್ಜಿ ಪಾಪ, 'ಮುಖ್ಯವಾದ ಫೋನ್ ಇರಬೇಕು, ಹೋಗಮ್ಮಾ' ಎಂದು ತಾನೇ ಕೈ ಬಿಡಿಸಿಕೊಂಡಳು.

ನಮ್ಮ ಕಾಲದಲ್ಲಿ ಮೊಬೈಲ್ ಇರಲಿಲ್ಲ, ಚೀಟಿ ಇತ್ತು. ಅಂಗೈ ಅಗಲದ ಕಾಗದ, ಅದರಲ್ಲಿ ತಮಿಳಿನಲ್ಲಿ ಅಚ್ಚಾದ ವಚನಗಳು. ಎರಡು ಬಣ್ಣ. ಗುಲಾಬಿ ಬಣ್ಣದ್ದು ಎಚ್ಚರಿಕೆಯ ಚೀಟಿ: ನ್ಯಾಯತೀರ್ಪಿನ ದಿನ, ಮುಚ್ಚಿದ ಬಾಗಿಲು, ಆರದ ಬೆಂಕಿ. ಹಳದಿಯದು ಸಮಾಧಾನದ ಚೀಟಿ: ಮನೆ ಬಿಟ್ಟು ಹೋದ ಮಗ ದೂರದಲ್ಲಿ ಬರುವುದನ್ನು ಕಂಡು ಓಡಿಬಂದ ತಂದೆ, ತಪ್ಪಿಹೋದ ಕುರಿಯನ್ನು ಹೆಗಲ ಮೇಲೆ ಹೊತ್ತು ತಂದ ಕುರುಬ. ಮೊದಲ ದಿನ ಗುಲಾಬಿ ಕೊಡಬೇಕು. ಅವರು ಓದುವಾಗ ಮಾತಾಡದೆ ಮುಖ ನೋಡುತ್ತಾ ಕೂರಬೇಕು. ಅತ್ತು, ತಪ್ಪೊಪ್ಪಿಕೊಂಡರೆ ಮಾರನೇ ದಿನ ಹಳದಿ. ಅಳದಿದ್ದವರಿಗೆ ಇನ್ನೊಂದು ಗುಲಾಬಿ.

ಈ ಪದ್ಧತಿ ಮಾಡಿದವರು ನಮ್ಮ ಮೇಲಿನವರಾದ ಗ್ರೇಸಮ್ಮ ಟೀಚರ್. ಎತ್ತರದ ಹೆಂಗಸು, ಬಿಳಿ ಸೀರೆ, ಬಿಸಿಲಿರಲಿ ಇಲ್ಲದಿರಲಿ ಕೈಯಲ್ಲಿ ಕೊಡೆ. ಸಂಜೆ ನಾವು ಗೇಟಿನ ಹತ್ತಿರ ಸೇರಿದಾಗ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇವತ್ತು ಎಷ್ಟು ಜನ ಅತ್ತರು?" ನಾಲ್ಕು ಎಂದರೆ ತಲೆಯಾಡಿಸುವರು. ಯಾರೂ ಇಲ್ಲ ಎಂದರೆ ಕೊಡೆಯ ತುದಿಯಿಂದ ನೆಲ ಕುಟ್ಟುವರು. "ಗುಲಾಬಿ ನಾಟದೆ ಹಳದಿ ಕೊಡಬೇಡ ಸುಗುಣಾ. ಗಾಯ ತೊಳೆಯದೆ ಮುಲಾಮು ಹಚ್ಚಿದ ಹಾಗೆ ಆಗ್ತದೆ." ನನಗೆ ಆ ಮಾತು ಬಹಳ ಹಿಡಿಸಿತು. ಆಸ್ಪತ್ರೆಯಲ್ಲೇ ಇದ್ದೆವಲ್ಲ, ಗಾಯ ತೊಳೆಯುವುದನ್ನು ದಿನಾ ನೋಡುತ್ತಿದ್ದೆ. ತೊಳೆಯುವವರು ಮೆಲ್ಲಗೆ ತೊಳೆಯುತ್ತಾರೆ ಎಂಬುದು ಮಾತ್ರ ಕಣ್ಣಿಗೆ ಬೀಳಲಿಲ್ಲ.

ಒಂದು ಗುಟ್ಟು. ನನಗೆ ತಮಿಳು ಓದಲು ಬರುವುದಿಲ್ಲ. ಮಾತು ನೀರು ಕುಡಿದ ಹಾಗೆ, ಅಕ್ಷರ ಮಾತ್ರ ಗೊತ್ತಿಲ್ಲ. ಅಮ್ಮ ಸತ್ತಾಗ ನನಗೆ ಹನ್ನೊಂದು, ತಮ್ಮ ದಯಾನಂದನಿಗೆ ಒಂದು. ಅದೇ ವರ್ಷ ಅಪ್ಪ ನಮ್ಮಿಬ್ಬರನ್ನೂ ಉಡುಪಿ ಕಡೆಯಿಂದ ಮದ್ರಾಸಿಗೆ ಕರೆತಂದರು. ಅವರಿಗೆ ಇಲ್ಲಿ ಒಂದು ಕಂಪನಿಯಲ್ಲಿ ಡ್ರೈವರ್ ಕೆಲಸ. ಮಗುವನ್ನು ನೋಡಿಕೊಳ್ಳಲು ಒಬ್ಬರು ಬೇಕಲ್ಲ, ನನ್ನ ಶಾಲೆ ಅಲ್ಲಿಗೆ ಮುಗಿಯಿತು. ಕನ್ನಡ ಕಲಿತದ್ದಷ್ಟೇ ಉಳಿಯಿತು. ಚೀಟಿಗಳಲ್ಲಿ ಏನಿದೆ ಎಂದು ಗ್ರೇಸಮ್ಮ ಒಮ್ಮೆ ಓದಿ ಹೇಳಿದ್ದರು, ಬಾಯಿಪಾಠ ಮಾಡಿಕೊಂಡಿದ್ದೆ. ಆಮೇಲೆ ಬಣ್ಣವೇ ನನಗೆ ಅಕ್ಷರ.

ಎಡವಟ್ಟುಗಳು ಬೇಕಾದಷ್ಟು. ಒಮ್ಮೆ ಎರಡನೇ ಮಹಡಿಯಲ್ಲಿ ಒಬ್ಬ ಗಂಡಸಿಗೆ ಗುಲಾಬಿ ಕೊಟ್ಟೆ. ಅವನು ಓದಿ ಗಳಗಳ ಅತ್ತ. ನಾನು ಅವನ ಹೊಟ್ಟೆಯ ಹುಣ್ಣಿಗಾಗಿ ಕಣ್ಣು ಮುಚ್ಚಿ ದೀರ್ಘವಾಗಿ ಪ್ರಾರ್ಥಿಸಿದೆ. ಕಣ್ಣು ಬಿಟ್ಟರೆ ಎದುರಿಗೆ ಹುಣ್ಣಿನ ರೋಗಿ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತಿದ್ದಾನೆ. ಸ್ನಾನಕ್ಕೆ ಹೋಗಿದ್ದನಂತೆ. ಮಲಗಿದ್ದವನು ಅವನ ಭಾವಮೈದುನ, ಸುಸ್ತಾಗಿ ಅಡ್ಡಾಗಿದ್ದ. "ಇವನಿಗೇ ಇನ್ನೊಂದು ಕೊಡಿ ಜೆಬಮ್ಮಾ, ಇವನಿಗೇ ಬೇಕಾಗಿರೋದು" ಎಂದ ರೋಗಿ. ಇಡೀ ವಾರ್ಡ್ ನಕ್ಕಿತು. ನಾನು ಸಂಜೆ ಗೇಟಿನಲ್ಲಿ 'ಒಬ್ಬರು ಅತ್ತರು' ಎಂದು ವರದಿ ಕೊಟ್ಟೆ. ಸುಳ್ಳೇನಲ್ಲವಲ್ಲ.

ಇನ್ನೊಮ್ಮೆ, ಸುಟ್ಟಗಾಯದ ವಾರ್ಡಿನ ಬಾಗಿಲಲ್ಲಿ ನಾನು ಯಾರೊಡನೆಯೋ ಕನ್ನಡ ಮಾತಾಡುತ್ತಿದ್ದೆ. ಒಳಗಿಂದ ಒಂದು ದನಿ: "ಅಕ್ಕಾ, ಓ ಅಕ್ಕಾ, ನಮ್ಮ ಕಡೆಯವರಾ?" ಮೈಲಾಪೂರಿನ ಒಂದು ಹೋಟೆಲಿನ ಅಡಿಗೆಯವರು, ವಾಸು ಭಟ್ಟರು. ಸಾಂಬಾರಿನ ಪಾತ್ರೆ ಮಗುಚಿ ತೊಡೆಯೆಲ್ಲ ಬೆಂದಿತ್ತು. ಊರಿಗೆ ಫೋನ್ ಮಾಡಿ ಸಣ್ಣ ಗಾಯ ಎಂದು ಹೇಳಬೇಕಿತ್ತು ಅವರಿಗೆ, ತಾನೇ ಹೇಳಿದರೆ ದನಿಯಲ್ಲಿ ಹೆಂಡತಿಗೆ ಗೊತ್ತಾಗುತ್ತದಂತೆ. ನಾನು ಅಷ್ಟು ಮಾಡಿ ಬರಬೇಕಿತ್ತು. ಅಭ್ಯಾಸ ಬಿಡಬೇಕಲ್ಲ! ಕೂತು ಆರದ ಬೆಂಕಿಯ ವಿಷಯ ತೆಗೆದೆ. ಭಟ್ಟರು ತಾಳ್ಮೆಯಿಂದ ಕೇಳಿದರು.

"ಅಕ್ಕಾ, ನಲವತ್ತು ವರ್ಷ ಒಲೆ ಮುಂದೆ ನಿಂತವ ನಾನು. ಈಗ ತೊಡೆ ಬೇಯಿಸಿಕೊಂಡು ಮಲಗಿದ್ದೇನೆ. ನನಗೆ ಬೆಂಕಿ ತೋರಿಸ್ತೀರಲ್ಲ ಮಾರಾಯ್ರೆ, ಬೇರೆ ಎಂತ ಇಲ್ವಾ ನಿಮ್ಮ ಚೀಲದಲ್ಲಿ?"

"ಇದೆ. ಅದು ಆಮೇಲೆ ಕೊಡೋದು."

"ಅದೆಂತಕ್ಕೆ ಆಮೇಲೆ? ನಾವು ಹೋಟೆಲಿನಲ್ಲಿ ಹಸಿದು ಬಂದವನಿಗೆ ಮೊದಲು ನೀರು ಇಡ್ತೇವೆ."

ಕೋಪ ಬಂತು. ಎದ್ದು ಬಂದೆ. ಇಷ್ಟು ವರ್ಷವಾದ ಮೇಲೂ ಆ ಕೋಪಕ್ಕೇ ನನಗೆ ಸಿಟ್ಟು ಬರುತ್ತದೆ. ಮೈ ಸುಟ್ಟುಕೊಂಡು ಮಲಗಿದ ಮನುಷ್ಯನಿಗೆ ಬೆಂಕಿಯ ಮಾತು! ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಈಗ ದೊಡ್ಡ ಎಡವಟ್ಟಿನ ವಿಷಯ. ಒಂದು ವರ್ಷ ಹಳೆಯ ಚೀಟಿ ಮುಗಿದು ಹೊಸದು ಅಚ್ಚಾಗಿ ಬಂತು. ಅಚ್ಚು ಮಾಡಿದವರು ಬಣ್ಣ ಅದಲುಬದಲು ಮಾಡಿದ್ದರು. ಎಚ್ಚರಿಕೆಯ ಮಾತು ಹಳದಿ ಕಾಗದದಲ್ಲಿ, ಸಮಾಧಾನದ ಮಾತು ಗುಲಾಬಿಯಲ್ಲಿ. ತಮಿಳು ಓದಬಲ್ಲವರು ಅದೇ ದಿನ ನೋಡಿ ಸರಿಮಾಡಿಕೊಂಡರಂತೆ. ನನಗೆ ಯಾರೂ ಹೇಳಲಿಲ್ಲ, ನನಗೆ ಓದು ಬರುವುದಿಲ್ಲ ಎಂದು ಯಾರಿಗೆ ಗೊತ್ತಿತ್ತು? ಐದು ತಿಂಗಳು ನಾನು ಸಿಕ್ಕಸಿಕ್ಕವರಿಗೆ ಓಡಿಬಂದ ತಂದೆಯ ಚೀಟಿ ಕೊಟ್ಟು, ಈಗ ನರಕದ ವಿಷಯ ಓದುತ್ತಿದ್ದಾರೆ ಎಂದುಕೊಂಡು ಗಂಭೀರವಾಗಿ ಮುಖ ನೋಡುತ್ತಾ ಕೂತೆ.

ಅಯ್ಯೋ, ಎಷ್ಟು ಜನ ಅತ್ತರು ಆ ಐದು ತಿಂಗಳು! ಅಂಥ ಅಳುವನ್ನು ನಾನು ಮುಂಚೆ ಕಂಡಿರಲಿಲ್ಲ. ಮೊದಲೆಲ್ಲ ಗುಲಾಬಿ ಓದಿ ಅತ್ತವರು ನನ್ನ ಕಣ್ಣು ತಪ್ಪಿಸುತ್ತಿದ್ದರು. ಇವರು ನನ್ನ ಕೈ ಹಿಡಿದುಕೊಂಡು ಅತ್ತರು. ಮಗನೊಡನೆ ಮಾತು ಬಿಟ್ಟಿದ್ದ ಒಬ್ಬ ಮುದುಕ ಎದ್ದು ಕೂತು ಅವನಿಗೆ ಫೋನ್ ಹಚ್ಚಿಸಿಕೊಂಡ. ಸಂಜೆ ಗೇಟಿನಲ್ಲಿ ಏಳು, ಒಂಬತ್ತು ಎಂದು ಲೆಕ್ಕ ಒಪ್ಪಿಸುತ್ತಿದ್ದೆ. ಗ್ರೇಸಮ್ಮ ಕೊಡೆ ಮಡಿಸಿ ನನ್ನ ಬೆನ್ನು ತಟ್ಟಿದರು. ವಿಚಿತ್ರ ಏನೆಂದರೆ, ಮಾರನೇ ದಿನ ನಾನು ಹಳದಿ ಕೊಟ್ಟಾಗ ಅದೇ ಜನ ಕಲ್ಲಾಗುತ್ತಿದ್ದರು. ಗೋಡೆಯ ಕಡೆ ತಿರುಗುತ್ತಿದ್ದರು. ಸಮಾಧಾನ ಕೊಟ್ಟರೆ ಮುಖ ತಿರುಗಿಸುತ್ತಾರಲ್ಲ, ಮನುಷ್ಯನ ಹೃದಯ ಎಷ್ಟು ಕಠಿಣ ಎಂದು ನಾನು ಮನೆಗೆ ಹೋಗಿ ಕನಿಕರ ಪಡುತ್ತಿದ್ದೆ.

ಕೊನೆಗೆ ಕಣ್ಣು ತೆರೆಸಿದವರು ಮರಗದಮ್ಮ, ನಿವೃತ್ತ ತಮಿಳು ಟೀಚರ್, ಹೃದಯದ ಕಾಯಿಲೆ. ಹಳದಿ ಚೀಟಿ ಓದಿ ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿದರು. ತಮಿಳಿನಲ್ಲಿ ಅವರು ಕೇಳಿದ್ದು ಇಷ್ಟು: "ಏನಮ್ಮಾ, ನಿನ್ನೆ ಮಡಿಲಲ್ಲಿ ಕೂರಿಸಿಕೊಂಡೆ, ಇವತ್ತು ಎತ್ತಿ ಒಲೆಗೆ ಹಾಕ್ತೀಯಾ? ನಿನ್ನೆ ಹೇಳಿದ್ದು ಸುಳ್ಳಾ, ಇವತ್ತು ಹೇಳೋದು ಸುಳ್ಳಾ?"

ಎರಡೂ ಚೀಟಿ ಅವರ ಕೈಲೇ ಓದಿಸಿದೆ. ಓದಿ ಮುಗಿಸಿ ಅವರು ಕೇಳಿದರು: "ನಿನಗೆ ಓದೋಕೆ ಬರಲ್ಲ, ಅಲ್ವಾ?" ನಾಚಿಕೆಯಿಂದ ತಲೆ ತಗ್ಗಿಸಿದೆ. "ಪರವಾಯಿಲ್ಲ ಬಿಡು. ಓದೋಕೆ ಬರದೆ ಇದ್ದದ್ದೇ ಒಳ್ಳೇದಾಯ್ತು. ನಿನ್ನೆ ರಾತ್ರಿ ನಾನು ಎಷ್ಟು ದಿನಕ್ಕೆ ನಿದ್ದೆ ಮಾಡಿದೆ ಗೊತ್ತಾ?"

ಹೊಸಬರೇ, ಇಲ್ಲಿ ಗಮನ ಕೊಡಿ. ಆ ದಿನ ನನ್ನ ಕೈಯಲ್ಲಿ ಪುರಾವೆ ಇತ್ತು. ಐದು ತಿಂಗಳ ಪುರಾವೆ. ಹೆದರಿಸಿ ತಂದವರು ಡಿಸ್ಚಾರ್ಜ್ ಆದ ಮೇಲೆ ಬಸ್ ಸ್ಟಾಪಿನಲ್ಲಿ ನನ್ನನ್ನು ಕಂಡರೆ ಇನ್ನೊಂದು ಪಕ್ಕಕ್ಕೆ ದಾಟುತ್ತಿದ್ದರು. ಜ್ವರ ಇಳಿದ ಹಾಗೆ ಹೆದರಿಕೆಯೂ ಇಳಿಯುತ್ತದೆ, ದೇವರೂ ಅದರ ಜೊತೆಗೇ ಇಳಿದು ಹೋಗುತ್ತಾನೆ. ಆ ಐದು ತಿಂಗಳ ಜನ ಮಾತ್ರ ನನ್ನನ್ನು ಹುಡುಕಿಕೊಂಡು ಬಂದರು, ಚರ್ಚಿನ ಬಾಗಿಲ ತನಕ ಬಂದರು. ಒಬ್ಬರು ಮಗಳ ಮದುವೆಗೆ ಕರೆದರು. ಹಾಗಿದ್ದರೆ ನಾನು ಏನು ಮಾಡಬೇಕಿತ್ತು?

ನಾನು ಮಾಡಿದ್ದು ಇದು. ಗ್ರೇಸಮ್ಮನ ಬಳಿ ಹೋಗಿ ತಪ್ಪಾಯಿತು ಎಂದೆ. ಅವರು ಕೊಡೆಯಿಂದ ನೆಲ ಕುಟ್ಟಿ, "ಉಳಿದದ್ದನ್ನೆಲ್ಲ ಸುಟ್ಟುಬಿಡು, ಹೊಸದು ಮಾಡಿಸ್ತೇನೆ" ಎಂದರು. ಸುಟ್ಟೆ. ಹೊಸದು ಬಂತು. ಮತ್ತೆ ಗುಲಾಬಿಯಲ್ಲಿ ಬೆಂಕಿ, ಹಳದಿಯಲ್ಲಿ ತಂದೆ. ಮತ್ತೆ ಮೊದಲು ಗುಲಾಬಿ. ಇನ್ನೂ ಹನ್ನೆರಡು ವರ್ಷ!

ಯಾಕೆ ಹಾಗೆ ಮಾಡಿದೆ ಎಂದು ಬಹಳ ದಿನ ನನ್ನನ್ನೇ ಕೇಳಿಕೊಂಡಿದ್ದೇನೆ. ಗ್ರೇಸಮ್ಮನ ಹೆದರಿಕೆ ಎನ್ನಬಹುದು. ಅದಲ್ಲ. ಹೆದರಿಸುವುದು ತಪ್ಪು ಎಂದು ಒಪ್ಪಿಕೊಂಡರೆ ಇನ್ನೊಂದನ್ನೂ ಒಪ್ಪಿಕೊಳ್ಳಬೇಕಿತ್ತು. ಅದು ಆಸ್ಪತ್ರೆಯಲ್ಲಿ ನಡೆದದ್ದಲ್ಲ, ನಮ್ಮ ಮನೆಯಲ್ಲಿ ನಡೆದದ್ದು.

ದಯಾನಿಗೆ ಒಂಬತ್ತು ವರ್ಷ, ನನಗೆ ಹತ್ತೊಂಬತ್ತು. ಆಗ ನಮ್ಮ ಪ್ರಾರ್ಥನಾ ಕೂಟದಲ್ಲಿ ಎರಡನೇ ಬರೋಣದ ಮಾತೇ ಮಾತು. ಕರ್ತನು ಯಾವ ಗಳಿಗೆಯಲ್ಲಾದರೂ ಬರುವನು, ತನ್ನವರನ್ನು ಇದ್ದ ಹಾಗೇ ಎತ್ತಿಕೊಂಡು ಹೋಗುವನು. ಬೀಸುಕಲ್ಲು ಬೀಸುತ್ತಿರುವ ಇಬ್ಬರು ಹೆಂಗಸರಲ್ಲಿ ಒಬ್ಬಳು ಮಾಯ, ಇನ್ನೊಬ್ಬಳು ಅಲ್ಲೇ. ನಾನು ಅದನ್ನು ನಂಬಿದ್ದೆ, ಹೆದರಿದ್ದೆ, ರಾತ್ರಿ ಎದ್ದು ಅಪ್ಪ ಇದ್ದಾರಾ ಎಂದು ಮುಟ್ಟಿ ನೋಡುತ್ತಿದ್ದೆ. ದಯಾ ಮಾತ್ರ ಗೋಲಿ ಆಡಲು ಚರ್ಚಿನ ಭಾನುವಾರದ ಶಾಲೆ ತಪ್ಪಿಸುತ್ತಿದ್ದ. ಹೊಡೆದರೂ ನಗುತ್ತಿದ್ದ. ತಾಯಿಯಿಲ್ಲದ ಹುಡುಗ ನನ್ನ ಕೈಯಲ್ಲಿ ಹಾಳಾದರೆ ಎನ್ನುವುದು ನನ್ನ ದಿಗಿಲು.

ಒಂದು ಭಾನುವಾರ ಮತ್ತೆ ತಪ್ಪಿಸಿದ. ಅಪ್ಪ ಕೆಲಸಕ್ಕೆ ಹೋಗಿದ್ದರು, ಅಕ್ಕಪಕ್ಕದ ಮನೆಯವರೆಲ್ಲ ಚರ್ಚಿಗೆ. ನಾನು ಅನ್ನಕ್ಕೆ ಎಸರಿಟ್ಟು ಅಕ್ಕಿ ಹಾಕಿದೆ. ಒಲೆ ಆರಿಸಲಿಲ್ಲ. ಚಪ್ಪಲಿ ಬಾಗಿಲಲ್ಲೇ ಬಿಟ್ಟೆ. ಬೇರೆ ಸೀರೆ ಉಟ್ಟು, ಉಟ್ಟಿದ್ದ ಸೀರೆಯನ್ನು ಒಲೆಯ ಮುಂದೆ ಮಣೆಯ ಮೇಲೆ, ನಾನು ಕೂತಲ್ಲೇ ಕರಗಿಹೋದ ಹಾಗೆ, ಸುತ್ತಿ ಇಟ್ಟೆ. ಅಪ್ಪನ ಅಂಗಿಯನ್ನು ಕುರ್ಚಿಗೆ ತೊಡಿಸಿದೆ. ಆಮೇಲೆ ಮಾಳಿಗೆಗೆ ಹತ್ತಿ ನೀರಿನ ಟ್ಯಾಂಕಿನ ಹಿಂದೆ ಕೂತೆ.

ಅವನು ಬಂದ. ಮೊದಲು "ಅಕ್ಕಾ, ಹಸಿವು" ಎಂದ. ಆಮೇಲೆ ಬರೀ "ಅಕ್ಕಾ." ಪಕ್ಕದ ಮನೆಯ ಬಾಗಿಲು ಬಡಿದ, ಅದರಾಚೆಯದನ್ನು ಬಡಿದ. ಬೀದಿಗೆ ಓಡಿ ಮತ್ತೆ ಒಳಗೆ ಬಂದ. ಆಮೇಲೆ ಕೂಗಲು ಶುರುಮಾಡಿದ. ಆ ಕೂಗನ್ನು ನಾನು ಬರೆಯಲಾರೆ. ಅನ್ನ ಸೀದ ವಾಸನೆ ಮಾಳಿಗೆಗೆ ಬರುವ ತನಕ ನಾನು ಅಲ್ಲೇ ಕೂತಿದ್ದೆ. ಪಾಠ ನಾಟಲಿ ಎಂದು.

ಇಳಿದು ಬಂದಾಗ ಅವನು ಚಡ್ಡಿ ಒದ್ದೆ ಮಾಡಿಕೊಂಡು ನನ್ನ ಸೀರೆಯ ಒಳಗೆ ಸೇರಿಕೊಂಡು ಕೂತಿದ್ದ. ನಾನು ಆಗಲಾದರೂ ನಿಜ ಹೇಳಬಹುದಿತ್ತು. ಹೇಳಿದ್ದು ಏನು ಗೊತ್ತೇ? "ಕರ್ತನು ನಿನಗೋಸ್ಕರ ನನ್ನನ್ನು ವಾಪಸ್ ಕಳಿಸಿದ ದಯಾ. ಇನ್ನೊಂದು ಸಲ ಕಳಿಸೋದಿಲ್ಲವಂತೆ."

ಅವನು ಮತ್ತೆ ಭಾನುವಾರದ ಶಾಲೆ ತಪ್ಪಿಸಲಿಲ್ಲ. ಎಲ್ಲ ವಚನ ಬಾಯಿಪಾಠ. ಹದಿಮೂರು ವರ್ಷದವರೆಗೂ ನನ್ನ ಸೆರಗು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗುತ್ತಿದ್ದ. ಸಭೆಯವರು ನನ್ನನ್ನು ಹೊಗಳಿದರು, 'ತಾಯಿಯಿಲ್ಲದ ಹುಡುಗನನ್ನು ಎಷ್ಟು ಭಕ್ತಿಯಲ್ಲಿ ಬೆಳೆಸಿದ್ದಾಳೆ.' ಆ ಹೊಗಳಿಕೆಯ ಮೇಲೆಯೇ ನನಗೆ ಆಮೇಲೆ ಈ ಕೆಲಸ ಸಿಕ್ಕಿದ್ದು. ಹದಿನೇಳಕ್ಕೆ ಅವನು ಒಂದು ದಿನ ಚರ್ಚಿಗೆ ಬರುವುದಿಲ್ಲ ಎಂದ. ಜಗಳವಿಲ್ಲ, ಕಾರಣವಿಲ್ಲ. ಬರುವುದಿಲ್ಲ, ಅಷ್ಟೆ. ಟಿ. ನಗರದ ಒಂದು ಜವಳಿ ಅಂಗಡಿಯಲ್ಲಿ ಸೀರೆ ವಿಭಾಗಕ್ಕೆ ಸೇರಿದ. ಮೈಲಾಪೂರಿನ ಹೋಟೆಲಿನವರ ಮನೆಯ ಮಾಲತಿಯನ್ನು ಮದುವೆಯಾದ. ದೇವಸ್ಥಾನದಲ್ಲಿ ಮದುವೆ, ನಾನು ಹೋಗಲಿಲ್ಲ. ಆಮೇಲೆ ಹಬ್ಬಕ್ಕೊಮ್ಮೆ ಫೋನ್. ಪ್ರತಿ ಸಲವೂ ನಾನು ಎಚ್ಚರಿಕೆ ಹೇಳುವುದು, ಅವನು "ಆಯ್ತಕ್ಕ, ಊಟ ಆಯ್ತಾ?" ಎಂದು ಕೇಳುವುದು.

ನನ್ನ ಸರ್ವೀಸಿನ ಕೊನೆಯ ವರ್ಷದ ಹಿಂದಿನ ವರ್ಷ ಗ್ರೇಸಮ್ಮ ಹಾಸಿಗೆ ಹಿಡಿದರು. ನೋಡಲು ಹೋದೆ. ಕೊಡೆ ಬಾಗಿಲ ಮೂಲೆಯಲ್ಲಿ ಒರಗಿತ್ತು. ಅಷ್ಟು ಎತ್ತರದ ಹೆಂಗಸು ಮಗುವಿನಷ್ಟಾಗಿದ್ದರು. "ಚೀಲದಲ್ಲಿ ಹಳದಿ ಇದೆಯಾ ಸುಗುಣಾ?" ಎಂದರು. ಕೊಟ್ಟೆ. ಮುಷ್ಟಿಯಲ್ಲಿ ಹಿಡಿದುಕೊಂಡು, ಪಿಸುಗುಟ್ಟಿದರು, "ನಾನು ಸರಿಯಾಗಿ ಅತ್ತಿದ್ದೇನಾ ಇಲ್ವಾ ಗೊತ್ತಿಲ್ಲ. ಇದು ನನಗೆ ಕೊಡಬಹುದಾ?" ನಲವತ್ತು ವರ್ಷ ದೇವರ ಕೆಲಸ ಮಾಡಿದ ಹೆಂಗಸು! ದೇವರ ಎದುರು ನಿಲ್ಲಲು ಅಷ್ಟು ನಡುಗುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂತು, ಪಾಪ ಅನ್ನಿಸಿತು, ಎರಡೂ ಒಟ್ಟಿಗೇ. ಮನೆಗೆ ಬರುವ ದಾರಿಯಲ್ಲಿ ಅಂದುಕೊಂಡೆ, ಇವತ್ತೇ ದಯಾನ ಹತ್ತಿರ ಮಾತಾಡಬೇಕು. ಮಾತಾಡಲಿಲ್ಲ.

ಮರುವರ್ಷ ಮಾಲತಿ ನನ್ನ ಬಾಗಿಲಿಗೆ ಬಂದಳು. ಕೂದಲು ಕೆದರಿತ್ತು. "ಅತ್ತಿಗೆ, ಇವರಿಗೆ ಎದೆ ನೋವು ಬಂದು ನಿಮ್ಮ ಆಸ್ಪತ್ರೆಗೇ ಸೇರಿಸಿದ್ದೇವೆ. ಮೂರನೇ ಮಹಡಿ. ರಕ್ತನಾಳ ಬ್ಲಾಕ್ ಆಗಿದೆಯಂತೆ, ಆಪರೇಷನ್ ಮಾಡ್ಬೇಕಂತೆ. ನೀವು ದಿನಾ ಅಲ್ಲೇ ಇರ್ತೀರಲ್ಲ, ಬಂದು ಹೋಗಿ."

ನಾನು ಹೇಳಿದ್ದು: "ಅವನೇ ಕರೆದು ಕಳಿಸಲಿ."

"ಅವರೇ ಕರೆದದ್ದು ಅತ್ತಿಗೆ. ಇಲ್ಲದಿದ್ರೆ ನಾನು ಯಾಕೆ ಬರ್ತಿದ್ದೆ? ನಿಮ್ಮ ಮನೆ ಬಾಗಿಲು ತುಳಿಯೋದು ನನಗೂ ಸುಲಭ ಅಂದ್ಕೊಂಡ್ರಾ?"

ಆದರೂ ಹೋಗಲಿಲ್ಲ. ಅವನು ತಪ್ಪೊಪ್ಪಿಕೊಳ್ಳಲಿ, ಆಮೇಲೆ ಹೋಗೋಣ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಅದಾಗಿರಲಿಲ್ಲ. ಎದೆ ಕೆಟ್ಟು ಮಲಗಿದ ತಮ್ಮನ ಮುಖ ನೋಡಿದರೆ ಆ ಅನ್ನ ಸೀದ ವಾಸನೆ ಬರುತ್ತದೆಂದು ನನಗೆ ಗೊತ್ತಿತ್ತು. ಮೂರನೇ ಮಹಡಿಯ ಹಾಸಿಗೆಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟು ನಾನು ಒಂದು, ಎರಡು ನೋಡಿಕೊಂಡೆ. ಒಂಬತ್ತನೇ ದಿನ ಇನ್ನೂ ದೊಡ್ಡ ಕೆಲಸ ಮಾಡಿದೆ. ಆ ಮಹಡಿಯ ನರ್ಸ್ ಸೆಲ್ವಿ ಹಳೆಯ ಪರಿಚಯ, ನನ್ನಷ್ಟೇ ವರ್ಷದ ಸರ್ವೀಸು, ಬಾಯಿಗೆ ಬೀಗವಿಲ್ಲ. ಅವಳ ಕೈಯಲ್ಲಿ ದಯಾನಿಗೆ ಒಂದು ಗುಲಾಬಿ ಚೀಟಿ ಕಳಿಸಿದೆ.

ಹನ್ನೊಂದನೇ ದಿನ ಬೆಳಿಗ್ಗೆ ಅವಳು ಮೆಟ್ಟಿಲ ಬಳಿ ನನ್ನನ್ನು ಅಡ್ಡಹಾಕಿದಳು. ಚೀಟಿ ವಾಪಸ್ ತಂದಿದ್ದಳು. ಅದನ್ನು ಸೀರೆ ಮಡಿಸುವ ಹಾಗೆ ಅಂಚಿಗೆ ಅಂಚು ಕೂಡಿಸಿ, ಉದ್ದುದ್ದಕ್ಕೆ ಅಚ್ಚುಕಟ್ಟಾಗಿ ಮಡಿಸಲಾಗಿತ್ತು.

"ಓದಿದನಾ?" ಎಂದೆ.

"ಓದಿದ್ರು. ನಕ್ಕರು. ಹಳದಿ ಇದ್ರೆ ಕೊಡೋಕೆ ಹೇಳಿ ಅಂದ್ರು. ನಿಮ್ಮ ರೂಲ್ಸ್ ಎಲ್ಲ ನಾನೇ ಹೇಳಿದ್ದೆ, ಗಂಟೆಗಟ್ಟಲೆ ಮಲಗಿರ್ತಾರಲ್ಲ, ಪಾಪ." ಸೆಲ್ವಿ ದನಿ ತಗ್ಗಿಸಲಿಲ್ಲ. ಅವಳಿಗೆ ತಗ್ಗಿಸಲು ಬರುವುದೇ ಇಲ್ಲ. "ಜೆಬಮ್ಮಾ, ಒಂದು ಕೇಳ್ತೀನಿ. ಆ ಮನುಷ್ಯ ಹೆಂಡತಿ ಕಾಫಿ ತರೋಕೆ ಕೆಳಗೆ ಹೋದ್ರೆ ಬೆವರ್ತಾರೆ. ಪಕ್ಕದ ಬೆಡ್ ಖಾಲಿ ಆದ್ರೆ ಎದ್ದು ಕೂರ್ತಾರೆ. ನಾಡಿ ನೋಡಿದ್ರೆ ಕುದುರೆ ಓಡಿದ ಹಾಗೆ. 'ಯಾರೂ ಇಲ್ವಾ, ಯಾರೂ ಇಲ್ವಾ' ಅಂತಾರೆ. ಡಾಕ್ಟರು ಮಾತ್ರೆ ಕೊಟ್ರು, ಹೋಗ್ಲಿಲ್ಲ. ನಾಳೆ ಆಪರೇಷನ್. ನೀವು ಅವರ ಅಕ್ಕ ಅಲ್ವಾ? ನಿಮಗೇನಾದ್ರೂ ಗೊತ್ತಾ ಇದು ಏನು ಅಂತ?"

ನನಗೆ ಗೊತ್ತಿತ್ತು. ಭೂಮಿಯ ಮೇಲೆ ನನಗೊಬ್ಬಳಿಗೇ ಗೊತ್ತಿತ್ತು.

ಅವತ್ತು ಲಿಫ್ಟ್‌ಗೆ ಕಾಯಲಿಲ್ಲ, ಮೆಟ್ಟಿಲು ಹತ್ತಿದೆ. ವಾರ್ಡಿನ ಬಾಗಿಲಲ್ಲಿ ಮಾಲತಿ ನನ್ನನ್ನು ನೋಡಿ ಫ್ಲಾಸ್ಕ್ ತೆಗೆದುಕೊಂಡು ಹೊರಟಳು. "ಇರು, ಹೋಗಬೇಡ" ಎಂದೆ. ಅವಳು ಅಲ್ಲೇ ನಿಂತಳು.

ಐವತ್ತು ದಾಟಿದ ದಯಾ, ತಲೆ ನರೆತಿದೆ, ಎದೆಯ ಕೂದಲು ಬೋಳಿಸಿದ್ದಾರೆ. ನನ್ನನ್ನು ಕಂಡು ನಕ್ಕ. ಅವನ ನಗುವಿನ ಮೇಲೆ ನನಗೆ ಜನ್ಮವಿಡೀ ಸಿಟ್ಟು.

"ಬಂದ್ಯಾ ಅಕ್ಕ? ಯಾವ ಬಣ್ಣ ತಂದಿದ್ದಿ?"

"ಚೀಲ ಕೆಳಗೇ ಬಿಟ್ಟು ಬಂದೆ."

"ಅಯ್ಯೋ, ಹಾಗಾದ್ರೆ ಬರೀ ಕೈಯಾ? ನಾಳೆ ಹೋಗಿಬಿಟ್ರೆ ಎಂತ ತೋರಿಸ್ಲಿ ಗೇಟಿನಲ್ಲಿ?"

"ಬಾಯಿ ಮುಚ್ಚು" ಎಂದೆ. ಸ್ಟೂಲ್ ಎತ್ತಿ ಇಟ್ಟುಕೊಳ್ಳಲು ಮರೆತು ಎಳೆದೆ, ಸದ್ದಾಯಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಕೂತೆ. ಅವನು ಕೈ ಚಾಚಿ ನನ್ನ ಸೆರಗಿನ ತುದಿ ಹಿಡಿದು ಬೆರಳಲ್ಲಿ ತಿಕ್ಕಿ ನೋಡಿದ, ಅಂಗಡಿಯಲ್ಲಿ ಬಟ್ಟೆ ನೋಡುವ ಹಾಗೆ. "ಪಾಲಿಸ್ಟರ್" ಎಂದ. ಆದರೆ ಕೈ ಬಿಡಲಿಲ್ಲ.

ಆಮೇಲೆ ನಗು ಹೋಯಿತು.

"ಅಕ್ಕ, ನಾನು ಇದನ್ನೆಲ್ಲ ನಂಬೋದಿಲ್ಲ. ಬಿಟ್ಟು ನಲವತ್ತು ವರ್ಷ ಆಯ್ತು. ಆದ್ರೂ ಮನೆ ಖಾಲಿ ಇದ್ರೆ ಉಸಿರು ನಿಲ್ತದೆ. ಮಾಲತಿ ಚಪ್ಪಲಿ ಬಾಗಿಲಲ್ಲಿದ್ದು ಅವಳು ಕಾಣದೇ ಇದ್ರೆ ಕೈಕಾಲು ತಣ್ಣಗೆ. ಅವಳಿಗೂ ಹೇಳ್ಲಿಲ್ಲ, ನಾಚಿಕೆ." ಅವನು ನನ್ನನ್ನು ನೋಡಲಿಲ್ಲ, ಸೆರಗನ್ನು ನೋಡುತ್ತಿದ್ದ. "ನಿನ್ನತ್ರ ಒಂದು ಕೇಳ್ಬೇಕು ಅಂತಲೇ ಕರೆದದ್ದು. ನಾಳೆ ಮತ್ತೆ ಕೇಳ್ಲಿಕ್ಕೆ ಆಗ್ತದೋ ಇಲ್ವೋ. ಅವತ್ತು ನೀನು ನಿಜವಾಗಿ ಹೋಗಿದ್ಯಾ? ಎಲ್ಲಿದ್ದಿ?"

ಎಷ್ಟು ಹಾಸಿಗೆಗಳ ಪಕ್ಕ ಕೂತು ಎಷ್ಟು ಜನರಿಂದ ತಪ್ಪೊಪ್ಪಿಗೆ ಹೊರಡಿಸಿದ್ದೇನೆ ನಾನು. ಅದು ಇಷ್ಟು ಕಷ್ಟ ಎಂದು ಅವರಲ್ಲಿ ಒಬ್ಬರೂ ನನಗೆ ಹೇಳಿರಲಿಲ್ಲ. ವಾರ್ಡಿನಲ್ಲಿ ಎಂಟು ಜನ ಇದ್ದರು, ಬಾಗಿಲಲ್ಲಿ ಮಾಲತಿ, ಅವಳ ಹಿಂದೆ ಸೆಲ್ವಿ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ಮಾಳಿಗೆ ಮೇಲೆ ಇದ್ದೆ ದಯಾ. ಟ್ಯಾಂಕಿನ ಹಿಂದೆ. ದೇವರು ನನ್ನನ್ನು ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ, ನಿನ್ನನ್ನು ಬಿಟ್ಟೂ ಹೋಗಿರಲಿಲ್ಲ. ಸೀರೆ ಸುತ್ತಿಟ್ಟದ್ದು ನಾನು. ನೀನು ಕೂಗಿದ್ದು ಪೂರಾ ಕೇಳಿಸ್ತಿತ್ತು, ಆದ್ರೂ ನಾನು ಇಳಿದು ಬರಲಿಲ್ಲ. ತಪ್ಪಾಯ್ತು ಮಗಾ, ನನ್ನಿಂದ ತಪ್ಪಾಯ್ತು."